ಆರ್ಕಿಡ್ ಮಂಡ್ಯಕ್ಕೆ ಒಗ್ಗದು ಎನ್ನುವವರಿಗೂ, ಪ್ಲಯೋನಿ ಎಲ್ಲಾದರೂ ಬರುತ್ತದೆ ಎನ್ನುವವರಿಗೂ

ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಮನೆಯಲ್ಲಿ ಆರ್ಕಿಡ್ ಬೆಳೆಸುವ ಮಾತು ತೆಗೆದರೆ ಎರಡು ಕಡೆಯಿಂದ ಅಡ್ಡ ಮಾತು ಬರುತ್ತದೆ. ‘ಈ ಸೆಕೆಯಲ್ಲಿ ಅದೆಲ್ಲ ಆಗದು, ಅದು ಊಟಿ, ಕೊಡಗಿನ ಗಿಡ’ ಎನ್ನುವವರು ಒಂದು ಕಡೆ. ‘ಆಗದ್ದು ಯಾವುದಿದೆ? ಗಡ್ಡೆ ತರಿಸಿ ನೆಡಿ. ಚಳಿ ಬೇಕೆಂದರೆ ಮನೆಯಲ್ಲಿ ಫ್ರಿಜ್ ಇದೆಯಲ್ಲ’ ಎನ್ನುವವರು ಇನ್ನೊಂದು ಕಡೆ. ಮೊದಲನೆಯವರ ಮಾತು ಕೇಳಿ ಎಷ್ಟೋ ಜನ ಆರ್ಕಿಡ್ ತರುವುದೇ ಇಲ್ಲ. ಎರಡನೆಯವರನ್ನು ನಂಬಿದವರು ಹಿಮಾಲಯದ ಗಡ್ಡೆ ತರಿಸಿ, ಅದು ಕೊಳೆತ ಮೇಲೆ ಗಿಡದ ಸಹವಾಸವೇ ಬೇಡ ಎಂದು ಕೈ ತೊಳೆದುಕೊಳ್ಳುತ್ತಾರೆ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಆರ್ಕಿಡ್ ಮಂಡ್ಯ ಜಿಲ್ಲೆಯ ಮನೆಗಳಲ್ಲಿ ಚೆನ್ನಾಗಿ ಬೆಳೆಯುತ್ತದೆ. ಆದರೆ ಶರತ್ಕಾಲದಲ್ಲಿ ಹೂ ಬಿಡುವ ಪ್ಲಯೋನಿ ಎಂಬ ಹಿಮಾಲಯದ ಆರ್ಕಿಡ್ ಇಲ್ಲಿ ಬೆಳೆಯುವುದು ಬಹಳ ಕಷ್ಟ. ಈ ಎರಡಕ್ಕೂ ಕಾರಣ ಒಂದೇ: ಗಿಡದ ಋತು ನಮ್ಮ ಊರಿನ ಋತುವಿಗೆ ಹೊಂದಬೇಕು. ಎರಡು ಕಡೆಯವರ ಆಕ್ಷೇಪಗಳನ್ನೂ ಒಂದೊಂದಾಗಿ ಎತ್ತಿಕೊಳ್ಳೋಣ.

1. ‘ಮಂಡ್ಯದ ಸೆಕೆಗೆ ಆರ್ಕಿಡ್ ಬದುಕುವುದಿಲ್ಲ’

ಆರ್ಕಿಡ್ ಎಂದರೆ ಒಂದು ಗಿಡವಲ್ಲ, ಸಸ್ಯಲೋಕದ ಬಹು ದೊಡ್ಡ ಕುಟುಂಬ. ಭಾರತೀಯ ಸಸ್ಯ ಸರ್ವೇಕ್ಷಣಾ ಸಂಸ್ಥೆ 2019ರಲ್ಲಿ ಹೊರತಂದ ಚಿತ್ರಕೋಶದಲ್ಲಿ ನಮ್ಮ ದೇಶದವೇ 1,256 ಜಾತಿಗಳಿವೆ. ಹಿಮ ಬೀಳುವ ಎತ್ತರದಲ್ಲಿ ಬೆಳೆಯುವುವೂ ಅವುಗಳಲ್ಲಿವೆ, ಬಿರುಬಿಸಿಲಿನ ಬಯಲುಸೀಮೆಯಲ್ಲಿ ಬೆಳೆಯುವುವೂ ಇವೆ. ಎಲ್ಲವನ್ನೂ ಊಟಿಯ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ.

ವ್ಯಾಂಡ ಟೆಸೆಲೇಟ ಎಂಬ ಆರ್ಕಿಡ್ಡನ್ನೇ ನೋಡಿ. ದಕ್ಷಿಣ ಭಾರತದ ಒಣ, ಎಲೆಯುದುರುವ ಕಾಡುಗಳಲ್ಲಿ, ಮಾವು, ಹುಣಸೆಯಂಥ ಮರಗಳ ಮೇಲೆ ಅದು ಬೆಳೆಯುತ್ತದೆ. ತಿಂಗಳುಗಟ್ಟಲೆ ಮಳೆಯಿಲ್ಲದಿದ್ದರೂ ಬದುಕಿಕೊಳ್ಳುತ್ತದೆ. ಅದಕ್ಕೆ ಎರಡು ಏರ್ಪಾಡುಗಳಿವೆ. ಬೇರಿನ ಮೇಲೆ ಸ್ಪಂಜಿನಂಥ ಬಿಳಿ ಪೊರೆಯಿದ್ದು, ಒಂದು ಹನಿ ಮಳೆ ಬಿದ್ದರೂ ಹೀರಿಟ್ಟುಕೊಳ್ಳುತ್ತದೆ. ಎಲೆಯ ರಂಧ್ರಗಳು ಹಗಲಿನ ಬಿಸಿಲಲ್ಲಿ ಮುಚ್ಚಿದ್ದು ರಾತ್ರಿ ತೆರೆಯುತ್ತವೆ. ಹಾಗಾಗಿ ಒಳಗಿನ ನೀರು ಆವಿಯಾಗಿ ಹೋಗುವುದು ಕಡಿಮೆ.

ನರ್ಸರಿಗಳಲ್ಲಿ ಹೆಚ್ಚಾಗಿ ಸಿಗುವ ಡೆಂಡ್ರೋಬಿಯಂ ಮಿಶ್ರತಳಿಗಳ ಪೂರ್ವಜರು ಉತ್ತರ ಆಸ್ಟ್ರೇಲಿಯಾ, ನ್ಯೂಗಿನಿ ಕಡೆಯ ಬಿಸಿ ನಾಡಿನವು. ರಾತ್ರಿಯ ಶಾಖ 15 ಡಿಗ್ರಿಗಿಂತ ಕೆಳಗೆ ಬಹಳ ದಿನ ಉಳಿದರೆ ಅವು ಸೊರಗುತ್ತವೆ. ಮಂಡ್ಯದಲ್ಲಿ ಜನವರಿಯ ರಾತ್ರಿಯೂ ಸಾಮಾನ್ಯವಾಗಿ 15ರ ಆಸುಪಾಸಿನಲ್ಲೇ ಇರುತ್ತದೆ. ಊಟಿಯ ಚಳಿಯಲ್ಲಿ ಮುದುಡುವ ಗಿಡ ಮಂಡ್ಯದ ಜಗಲಿಯಲ್ಲಿ ಸುಖವಾಗಿರುತ್ತದೆ. ಸೆಕೆಯ ವಾದಕ್ಕೆ ಇದಕ್ಕಿಂತ ನೇರ ಉತ್ತರ ಬೇಕಿಲ್ಲ. ಏಪ್ರಿಲಿನಲ್ಲಿ 35 ಡಿಗ್ರಿ ದಾಟಿದಾಗ ಅರ್ಧ ಬಿಸಿಲು ತಡೆಯುವ ಹಸಿರು ನೆಟ್ ಕಟ್ಟಿ, ಬೆಳಿಗ್ಗೆ ಒಮ್ಮೆ ನೀರು ಚಿಮುಕಿಸಿದರೆ ಸಾಕು.

2. ‘ಪ್ಲಯೋನಿ ಎಲ್ಲಿ ಬೇಕಾದರೂ ಬರುತ್ತದೆ’

ಇದು ಎರಡನೆಯ ಕಡೆಯವರ ಮಾತು. ಕೇಳಲು ಬಹಳ ಹಿತವಾದದ್ದು, ಆದ್ದರಿಂದಲೇ ಇದಕ್ಕೆ ವಿವರವಾಗಿ ಉತ್ತರ ಕೊಡಬೇಕು.

ಪ್ಲಯೋನಿ ಹಿಮಾಲಯದ ತಪ್ಪಲಿನಿಂದ ಚೀನಾದವರೆಗೆ ಬೆಳೆಯುವ ಪುಟ್ಟ ಆರ್ಕಿಡ್ ಗುಂಪು. ಡೇವಿಡ್ ಡಾನ್ ಎಂಬ ಸಸ್ಯವಿಜ್ಞಾನಿ 1825ರಲ್ಲಿ ಈ ಹೆಸರಿಟ್ಟ. ಹೆಚ್ಚಿನವು ವಸಂತದಲ್ಲಿ ಹೂ ಬಿಡುತ್ತವೆ. ಭಾರತದಲ್ಲಿ ಮುಖ್ಯವಾಗಿ ಎರಡು ಜಾತಿ ಮಾತ್ರ ಶರತ್ಕಾಲದವು: ಬಿಳಿ ಹೂವಿನ ತುಟಿಯಲ್ಲಿ ಕೆನ್ನೀಲಿ ಗೆರೆ, ಮಚ್ಚೆಗಳಿರುವ ಪ್ಲಯೋನಿ ಮ್ಯಾಕುಲೇಟ ಮತ್ತು ಗುಲಾಬಿ ನೇರಳೆ ಬಣ್ಣದ ಪ್ಲಯೋನಿ ಪ್ರೀಕಾಕ್ಸ್. ಮೇಘಾಲಯದ ಖಾಸಿ ಬೆಟ್ಟಗಳಲ್ಲಿ ಪಾಚಿ ಹಿಡಿದ ಬಂಡೆ, ಮರದ ಬೊಡ್ಡೆಗಳ ಮೇಲೆ ಇವು ಬೆಳೆಯುತ್ತವೆ. ಎಲೆಯೆಲ್ಲ ಉದುರಿದ ಮೇಲೆ, ಅಕ್ಟೋಬರ್, ನವೆಂಬರಿನಲ್ಲಿ, ಬೋಳು ಗಡ್ಡೆಯ ಬುಡದಿಂದ ಅಂಗೈಯಷ್ಟು ಹೂ ಅರಳುವುದೇ ಇದರ ಸೊಬಗು. ದೀಪಾವಳಿಯ ಹೊತ್ತಿಗೆ ಇಂಥ ಹೂ ಮನೆಯಲ್ಲಿರಲಿ ಎಂದು ಯಾರಿಗಾದರೂ ಆಸೆಯಾಗುವುದು ಸಹಜ.

ಈ ಗಿಡದ ವರ್ಷ ಹೇಗೆ ಸಾಗುತ್ತದೆ ಎಂಬುದನ್ನು ತಿಳಿಯದೆ ಕುಂಡಕ್ಕೆ ಕೈ ಹಾಕಬಾರದು. ನಾವು ಗಡ್ಡೆ ಎನ್ನುವುದು ಉಬ್ಬಿದ ಕಾಂಡ. ಅದರ ಆಯಸ್ಸು ಒಂದು ವರ್ಷಕ್ಕೆ ಸ್ವಲ್ಪ ಹೆಚ್ಚು, ಅಷ್ಟೆ. ವಸಂತದಲ್ಲಿ ಚಿಗುರು ಎಲೆ ಬಿಡುತ್ತದೆ. ಮಳೆಗಾಲದಲ್ಲಿ ಆ ಚಿಗುರಿನ ಬುಡ ಉಬ್ಬಿ ಹೊಸ ಗಡ್ಡೆಯಾಗುತ್ತದೆ, ಹಳೆಯದು ಸುಕ್ಕಿ ಸಾಯುತ್ತದೆ. ಮಳೆ ಹಿಂದೆಗೆದಾಗ ಎಲೆ ಹಳದಿಯಾಗಿ ಬೀಳುತ್ತದೆ, ಹೂ ಬರುತ್ತದೆ. ಆಮೇಲೆ ಚಳಿಗಾಲವಿಡೀ ತಂಪಿನಲ್ಲಿ, ಹೆಚ್ಚು ನೀರಿಲ್ಲದೆ ವಿಶ್ರಾಂತಿ. ಹೊಸ ಗಡ್ಡೆ ಸಣ್ಣದಾದರೆ ಆ ವರ್ಷ ಹೂ ಬರುವುದಿಲ್ಲ. ಅಂದರೆ ಈ ಗಿಡಕ್ಕೆ ಹಳೆಯ ಕೂಡಿಟ್ಟ ಗಂಟು ಎಂಬುದಿಲ್ಲ. ಪ್ರತಿ ವರ್ಷದ ಹವೆಯೂ ಅದಕ್ಕೆ ಸರಿಯಾಗಿ ಒದಗಬೇಕು.

ಈಗ ನಮ್ಮ ಹವೆಯನ್ನು ಇದರ ಪಕ್ಕಕ್ಕಿಟ್ಟು ನೋಡಿ. ಮೂರು ಕಡೆ ತಾಳ ತಪ್ಪುತ್ತದೆ.

ಒಂದು, ಬೇಸಗೆ. ಎಳೆಯ ಎಲೆ ಬಿಡುವ ಮಾರ್ಚ್, ಏಪ್ರಿಲ್ ನಮ್ಮಲ್ಲಿ ಬಿರುಬಿಸಿಲಿನ, ಒಣ ಹವೆಯ ತಿಂಗಳುಗಳು. ಖಾಸಿ ಬೆಟ್ಟದಲ್ಲಿ ಅದೇ ಹೊತ್ತಿಗೆ ಮುಂಗಾರಿಗೆ ಮೊದಲಿನ ಮಳೆ, ಮಂಜು ಶುರುವಾಗಿರುತ್ತದೆ.

ಎರಡು, ಮಳೆ. ಖಾಸಿ ಬೆಟ್ಟದ ಚಿರಾಪುಂಜಿಯಲ್ಲಿ ಮಳೆ ಹೆಚ್ಚಾಗಿ ಸುರಿಯುವುದು ಜೂನ್, ಜುಲೈ, ಆಗಸ್ಟಿನಲ್ಲಿ. ಗಡ್ಡೆ ಕೊಬ್ಬುವುದೂ ಆಗಲೇ. ಮಂಡ್ಯ ಜಿಲ್ಲೆಗೆ ವರ್ಷಕ್ಕೆ ಬೀಳುವ 700 ಮಿಲಿಮೀಟರ್ ಆಸುಪಾಸಿನ ಮಳೆಯಲ್ಲಿ ಜೋರು ಬರುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಹಸ್ತ, ಚಿತ್ತೆ, ಸ್ವಾತಿ ಮಳೆಗಳನ್ನು ನಂಬಿ ಇಲ್ಲಿಯ ರೈತ ರಾಗಿ ಬೆಳೆಯುತ್ತಾನೆ. ಪ್ಲಯೋನಿ ಎಲೆ ಉದುರಿಸಿ ‘ಇನ್ನು ನೀರು ಬೇಡ’ ಎನ್ನುವ ಹೊತ್ತು ಅದೇ. ಬಯಲಲ್ಲಿಟ್ಟ ಕುಂಡ ಆಗ ಕೊಳೆಯುತ್ತದೆ.

ಮೂರು, ಚಳಿ. ಖಾಸಿ ಬೆಟ್ಟದಲ್ಲಿ ಡಿಸೆಂಬರ್, ಜನವರಿಯ ರಾತ್ರಿ ಒಂದಂಕಿ ಡಿಗ್ರಿಗೆ ಇಳಿಯುತ್ತದೆ. ನಮ್ಮಲ್ಲಿ ರಾತ್ರಿ ತಂಪಾದರೂ ಹಗಲು ಬಿಸಿ. ಗಡ್ಡೆಗೆ ವಿಶ್ರಾಂತಿ ಸಿಗುವುದಿಲ್ಲ.

ಇಲ್ಲಿ ಎದುರಾಳಿಗಳು ಒಂದು ಗಟ್ಟಿ ವಾದ ಹೂಡುತ್ತಾರೆ. ‘ಮ್ಯಾಕುಲೇಟ 600 ಮೀಟರ್ ಎತ್ತರದಿಂದಲೇ ಸಿಗುತ್ತದೆ ಎಂದು ಸಸ್ಯಗ್ರಂಥಗಳಲ್ಲೇ ಇದೆ. ಮಂಡ್ಯ ಸುಮಾರು 680 ಮೀಟರ್ ಎತ್ತರದಲ್ಲಿದೆ. ಮತ್ತೇನು ತೊಂದರೆ?’ ಎತ್ತರದ ಲೆಕ್ಕ ಸರಿ. ಆದರೆ ಚಳಿಯನ್ನು ಎತ್ತರವೊಂದೇ ತೀರ್ಮಾನಿಸುವುದಿಲ್ಲ. ಖಾಸಿ ಬೆಟ್ಟ ಇರುವುದು ಸುಮಾರು 25 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಮಂಡ್ಯ ಹನ್ನೆರಡೂವರೆಯಲ್ಲಿ. ಒಂದೇ ಎತ್ತರದಲ್ಲಿದ್ದರೂ ಉತ್ತರದ ಊರಿನ ಚಳಿಗಾಲವೇ ಹೆಚ್ಚು ತಣ್ಣಗೆ. 680 ಎಂಬ ಅಂಕಿ ಹಿಡಿದು ಗಡ್ಡೆ ತರಿಸುವುದು ತಪ್ಪು.

ಇನ್ನು ಫ್ರಿಜ್ಜಿನ ಸಲಹೆ. ಇದು ಪೂರ್ತಿ ಹುಸಿಯಲ್ಲ. ತೈವಾನ್, ಚೀನಾ ಮೂಲದ ಪ್ಲಯೋನಿ ಫಾರ್ಮೊಸಾನದಂಥ ವಸಂತದ ಜಾತಿಗಳ ಒಣ ಗಡ್ಡೆಯನ್ನು ಚಳಿಗಾಲದಲ್ಲಿ ಫ್ರಿಜ್ಜಿನಲ್ಲಿಟ್ಟು ಕಾಪಾಡುವ ಬೆಳೆಗಾರರಿದ್ದಾರೆ. ಆ ಜಾತಿಗಳಲ್ಲಿ ಗಡ್ಡೆ ಚಳಿಗಾಲದಲ್ಲಿ ನಿಜಕ್ಕೂ ಮಲಗಿರುತ್ತದೆ. ಶರತ್ಕಾಲದ ಜಾತಿಗಳಲ್ಲಿ ಹಾಗಿಲ್ಲ. ನವೆಂಬರಿನಲ್ಲಿ ಹೂವಿನ ಜೊತೆಗೇ ಮುಂದಿನ ವರ್ಷದ ಚಿಗುರೂ ಹೊರಟಿರುತ್ತದೆ. ಅದಕ್ಕೆ ತಂಪು ಬೇಕು, ಆದರೆ ಬೆಳಕು, ಗಾಳಿ, ಅಲ್ಪ ಪಸೆಯೂ ಬೇಕು. ಕತ್ತಲೆಯ ಪೆಟ್ಟಿಗೆಯೊಳಗೆ ಅದನ್ನು ತುರುಕಿದರೆ ಚಿಗುರು ಕೊಳೆಯುತ್ತದೆ. ಒಂದು ಜಾತಿಯ ಉಪಾಯವನ್ನು ಇನ್ನೊಂದಕ್ಕೆ ಹಚ್ಚಿ ಮಾರುವವರ ಮಾತು ನಂಬಬೇಡಿ.

ಇಷ್ಟು ಹೇಳಿದರೂ ಮಾಡಿಯೇ ನೋಡುತ್ತೇನೆ ಎನ್ನುವವರಿಗೆ ಅಡ್ಡ ಬರುವುದಿಲ್ಲ. ಆಳವಿಲ್ಲದ ಕುಂಡ, ಇದ್ದಿಲು ಮತ್ತು ಪಾಚಿಯ ಸಡಿಲ ಮಿಶ್ರಣ, ಗಡ್ಡೆಯ ಅರ್ಧ ಮಾತ್ರ ಒಳಗೆ. ಬೆಳಗಿನ ಬಿಸಿಲು ಬೀಳುವ ಪೂರ್ವದ ಜಗಲಿ. ಎಲೆ ಹಳದಿಯಾದ ದಿನದಿಂದ ಕುಂಡ ಸೂರಿನೊಳಗೆ, ಚಿತ್ತೆ ಮಳೆಯ ಹನಿಯೂ ತಾಗದಂತೆ. ವರ್ಷ ಕಳೆದ ಮೇಲೆ ಹೊಸ ಗಡ್ಡೆಯನ್ನು ಹಳೆಯದರ ಜೊತೆ ಹೋಲಿಸಿ. ಚಿಕ್ಕದಾಗಿದ್ದರೆ ಗಿಡ ಇಳಿಮುಖ ಎಂದರ್ಥ. ಹಟ ಬಿಟ್ಟು ತಂಪು ಸೀಮೆಯ ಬೆಳೆಗಾರರಿಗೆ ಕೊಟ್ಟುಬಿಡಿ. ಕರ್ನಾಟಕದಲ್ಲಿ ಇಂಥ ಪ್ರಯೋಗಕ್ಕೆ ಹೆಚ್ಚು ಹೊಂದುವ ನೆಲ ಕೊಡಗು, ಚಿಕ್ಕಮಗಳೂರಿನ ಎತ್ತರದ ಎಸ್ಟೇಟುಗಳದ್ದು.

3. ‘ಅದು ಬಂದಳಿಕೆ, ಮರವನ್ನು ತಿಂದುಹಾಕುತ್ತದೆ’

ಹಳ್ಳಿಯ ಹಿರಿಯರು ಈ ಮಾತು ಹೇಳುವುದು ಕಣ್ಣಾರೆ ಕಂಡದ್ದರ ಮೇಲೆ. ಮಾವಿನ ಮರಕ್ಕೆ ಬಂದಳಿಕೆ ಹಿಡಿದರೆ ಕೊಂಬೆ ಒಣಗುವುದನ್ನು ಅವರು ನೋಡಿದ್ದಾರೆ. ನಮ್ಮ ನೆರೆಯ ಬಿಳಿಗಿರಿರಂಗನ ಬೆಟ್ಟದಲ್ಲಿ ನೆಲ್ಲಿಮರಗಳಿಗೆ ಬಂದಳಿಕೆ ದೊಡ್ಡ ಪೀಡೆ. ಸೋಲಿಗರು ಅದನ್ನು ಉಪ್ಪಿಲು ಎನ್ನುತ್ತಾರೆ. ಅದು ಹಬ್ಬಿ ನೆಲ್ಲಿಯ ಫಸಲು ಕುಗ್ಗಿದ್ದರ ಬಗ್ಗೆ ವಿಜ್ಞಾನಿಗಳೂ ಅಧ್ಯಯನ ಮಾಡಿದ್ದಾರೆ. ಹಾಗಾಗಿ ಹಿರಿಯರ ಭಯ ಸುಳ್ಳಲ್ಲ. ಆದರೆ ಅದು ಬೇರೆ ಗಿಡದ ಭಯ.

ಬಂದಳಿಕೆಯ ಬೇರು ತೊಗಟೆ ಸೀಳಿ ಮರದ ಒಳಗಿನ ನೀರಿನ ನಾಳಕ್ಕೇ ಬಾಯಿ ಹಾಕುತ್ತದೆ. ಆರ್ಕಿಡ್ಡಿನ ಬೇರು ತೊಗಟೆಯ ಮೇಲೆ ಅಂಟಿಕೊಂಡು ನಿಲ್ಲುತ್ತದೆ, ಅಷ್ಟೆ. ನೀರನ್ನು ಮಳೆ, ಇಬ್ಬನಿಯಿಂದ ಪಡೆಯುತ್ತದೆ. ಪೋಷಕಾಂಶಗಳನ್ನು ತೊಗಟೆಯ ಮೇಲೆ ಕೂತ ಧೂಳು, ಕೊಳೆತ ಎಲೆಯಿಂದ ಪಡೆಯುತ್ತದೆ. ಸಂಶಯವಿದ್ದವರು ಬೇರನ್ನು ಮೆಲ್ಲಗೆ ಎತ್ತಿ ನೋಡಲಿ. ಕೆಳಗೆ ತೊಗಟೆ ಇಡಿಯಾಗಿರುತ್ತದೆ. ಪ್ಲಯೋನಿ ಬಂಡೆಯ ಮೇಲೂ ಬೆಳೆಯುತ್ತದೆ ಎಂದೆನಲ್ಲ, ಬಂಡೆಯಿಂದ ಯಾವ ರಸ ಹೀರಲು ಸಾಧ್ಯ? ಮನೆ ಮುಂದಿನ ಮಾವಿನ ಮರಕ್ಕೆ ವ್ಯಾಂಡ ಕಟ್ಟಿದರೆ ಮಾವಿನ ಫಸಲಿಗೆ ಧಕ್ಕೆಯಿಲ್ಲ. ಬಂದಳಿಕೆ ಕಂಡರೆ ಮಾತ್ರ ಹಿಡಿದ ಕೊಂಬೆಯ ಸಮೇತ ಕತ್ತರಿಸಿ ತೆಗೆಯಿರಿ.

4. ‘ಕಾವೇರಿ ನೀರಿಗೇ ಪರದಾಡುವ ಜಿಲ್ಲೆಯಲ್ಲಿ ಹೂಗಿಡಕ್ಕೆ ನೀರೇ?’

ಈ ಪ್ರಶ್ನೆಯ ಹಿಂದಿನ ನೋವನ್ನು ನಾನು ಗೌರವಿಸುತ್ತೇನೆ. ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಬಿಟ್ಟರೆ ಬೆಳೆ, ಇಲ್ಲದಿದ್ದರೆ ಬೀದಿಯಲ್ಲಿ ಹೋರಾಟ ಎಂಬ ಜಿಲ್ಲೆ ಇದು. ಆದರೆ ಆರ್ಕಿಡ್ ಆ ಲೆಕ್ಕಕ್ಕೆ ಬರುವ ಗಿಡವಲ್ಲ. ಒಂದು ಕುಂಡಕ್ಕೆ ಒಂದು ಸಲಕ್ಕೆ ಲೋಟ, ಎರಡು ಲೋಟ ನೀರು ಸಾಕು. ಅದಕ್ಕಿಂತ ಹೆಚ್ಚು ಕೊಟ್ಟರೆ ಬೇರು ಕೊಳೆಯುತ್ತದೆ. ಮನೆಯಲ್ಲಿ ಆರ್ಕಿಡ್ ಸಾಯುವುದು ಬಾಯಾರಿಕೆಯಿಂದಲ್ಲ, ಹೆಚ್ಚಾಗಿ ಅತಿ ನೀರಿನಿಂದ.

ನೀರಿನ ಪ್ರಮಾಣಕ್ಕಿಂತ ಗುಣ ಮುಖ್ಯ. ನಮ್ಮ ಕಡೆಯ ಅನೇಕ ಬೋರ್‌ವೆಲ್‌ಗಳ ನೀರು ಗಡಸು. ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುವ ನೀರು ಆರ್ಕಿಡ್ಡಿನ ಬೇರಿನ ಮೇಲೂ ಉಪ್ಪು ಕಟ್ಟಿ ಅದನ್ನು ಕೊಲ್ಲುತ್ತದೆ. ಇದಕ್ಕೆ ಮಳೆನೀರೇ ಮದ್ದು. ನೂರು ಚದರಡಿ ತಾರಸಿಯ ಮೇಲೆ ವರ್ಷಕ್ಕೆ 700 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 6,500 ಲೀಟರ್ ನೀರು ಹರಿದುಹೋಗುತ್ತದೆ. ಅದರಲ್ಲಿ ಎರಡು ಡ್ರಮ್ ಹಿಡಿದಿಟ್ಟರೂ ಹತ್ತಾರು ಕುಂಡಗಳಿಗೆ ಬಹುಕಾಲ ಬರುತ್ತದೆ. ನಾಲೆಯ ಒಂದು ಹನಿಯನ್ನೂ ರೈತನಿಂದ ಕಸಿಯುವುದಿಲ್ಲ.

5. ‘ಅದು ದುಡ್ಡಿದ್ದವರ ಶೋಕಿ’

ಒಂದು ಕಾಲಕ್ಕೆ ಹೌದು. ಆರ್ಕಿಡ್ ಬೀಜ ಧೂಳಿನಷ್ಟು ಸಣ್ಣದು, ಅದರೊಳಗೆ ಮೊಳಕೆಗೆ ಬೇಕಾದ ಆಹಾರ ಇರುವುದೇ ಇಲ್ಲ. ಕಾಡಿನಲ್ಲಿ ಒಂದು ಬಗೆಯ ಶಿಲೀಂಧ್ರ ಜೊತೆಗೂಡಿದರೆ ಮಾತ್ರ ಅದು ಮೊಳೆಯುತ್ತದೆ. ಅಮೆರಿಕದ ಲೂಯಿಸ್ ನಡ್ಸನ್ 1922ರಲ್ಲಿ ಶಿಲೀಂಧ್ರದ ನೆರವಿಲ್ಲದೆ, ಸಕ್ಕರೆ ಬೆರೆಸಿದ ಪಾಕದ ಮೇಲೆ ಬೀಜ ಮೊಳೆಸಿ ತೋರಿಸಿದ. 1960ರಲ್ಲಿ ಫ್ರಾನ್ಸಿನ ಜಾರ್ಜ್ ಮೊರೆಲ್ ಗಿಡದ ಕುಡಿಯಿಂದಲೇ ಸಾವಿರಾರು ಸಸಿ ಮಾಡುವ ದಾರಿ ತೆರೆದ. ಅಂಗಾಂಶ ಕೃಷಿಯ ಸಸಿಗಳು ಬಂದ ಮೇಲೆ ಆರ್ಕಿಡ್ ಮಧ್ಯಮ ವರ್ಗದ ಮನೆಗೂ ಎಟಕುವ ಗಿಡವಾಯಿತು.

ಕುಂಡಕ್ಕೆ ತುಂಬುವ ಸಾಮಾನಿನ ವಿಷಯದಲ್ಲಂತೂ ನಮ್ಮ ಜಿಲ್ಲೆಗೆ ಕೊರತೆಯೇ ಇಲ್ಲ. ಮದ್ದೂರಿನ ತೆಂಗಿನ ಸೀಮೆಯಲ್ಲಿ ಒಣಗಿದ ತೆಂಗಿನಕಾಯಿ ಸಿಪ್ಪೆ ಒಲೆಗೆ ಹೋಗುತ್ತದೆ. ಅದನ್ನೇ ಸಣ್ಣಗೆ ಕತ್ತರಿಸಿ, ನೀರಿನಲ್ಲಿ ಕೆಲವು ದಿನ ನೆನೆಸಿ, ಕಂದು ನೀರು ಬಸಿದು, ಮತ್ತೆ ನೆನೆಸಿ ತೆಗೆದರೆ ಉಪ್ಪು, ಒಗರು ಹೋಗುತ್ತದೆ. ಎಳನೀರಿನ ಹಸಿ ಬುರುಡೆ ಮಾತ್ರ ಬೇಡ, ಅದು ಬೇಗ ಕೊಳೆಯುತ್ತದೆ. ಈ ಸಿಪ್ಪೆಗೆ ಇದ್ದಿಲು, ಹಳೆಯ ಹೆಂಚಿನ ಚೂರು ಬೆರೆಸಿ, ಪಕ್ಕಗಳಲ್ಲಿ ತೂತಿರುವ ಮಣ್ಣಿನ ಕುಂಡಕ್ಕೆ ತುಂಬಿ. ಡೆಂಡ್ರೋಬಿಯಂಗೆ ಇದು ಸಾಕು. ವ್ಯಾಂಡಕ್ಕೆ ಇದೂ ಬೇಡ. ಮರದ ತುಂಡಿಗೆ ತೆಂಗಿನ ನಾರಿನಿಂದ ಕಟ್ಟಿದರೆ ತಾನೇ ಬೇರು ಬಿಡುತ್ತದೆ.

‘ತಿನ್ನಲಾಗದ ಗಿಡ ಯಾಕೆ?’ ಎನ್ನುವವರಿಗೆ ಒಂದೇ ಮಾತು. ಕನಕಾಂಬರ, ಮಲ್ಲಿಗೆ, ಸುಗಂಧರಾಜವನ್ನು ಹಿತ್ತಲಲ್ಲಿ ಬೆಳೆದ ನಮ್ಮ ತಾಯಂದಿರನ್ನು ಯಾರೂ ಈ ಪ್ರಶ್ನೆ ಕೇಳಲಿಲ್ಲ.

6. ‘ಕಾಡಿನಲ್ಲಿ ಪುಕ್ಕಟೆ ಸಿಗುವಾಗ ದುಡ್ಡು ಕೊಡುವುದೇಕೆ?’

ಎಲ್ಲ ಆಕ್ಷೇಪಗಳಲ್ಲಿ ನನಗೆ ಹೆಚ್ಚು ಸಂಕಟ ಕೊಡುವುದು ಇದು. ಮುತ್ತತ್ತಿಗೆ ಹೋದವರು ಹೊಳೆದಂಡೆಯ ಮರದಿಂದ ಗಿಡ ಕಿತ್ತು ಕಾರಿನಲ್ಲಿಟ್ಟುಕೊಂಡು ಬರುವುದನ್ನು ಹಕ್ಕೆಂದು ತಿಳಿಯಬಾರದು. ಮುತ್ತತ್ತಿಯ ಸುತ್ತಲ ಕಾಡು ಕಾವೇರಿ ವನ್ಯಜೀವಿಧಾಮಕ್ಕೆ ಸೇರಿದ್ದು. ವನ್ಯಜೀವಿಧಾಮದೊಳಗಿಂದ ಗಿಡ ಕೀಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ದೇಶದೇಶಗಳ ನಡುವಿನ ಆರ್ಕಿಡ್ ವ್ಯಾಪಾರವೂ ಅಪಾಯದಲ್ಲಿರುವ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಕಟ್ಟುಪಾಡಿಗೆ ಒಳಪಟ್ಟಿದೆ.

ಕಾನೂನು ಬದಿಗಿರಲಿ, ಚರಿತ್ರೆಯನ್ನಾದರೂ ನೋಡಿ. ಪ್ಲಯೋನಿಯ ತವರಾದ ಖಾಸಿ ಬೆಟ್ಟಗಳಿಗೆ 1850ರಲ್ಲಿ ಬಂದ ಸಸ್ಯವಿಜ್ಞಾನಿ ಜೋಸೆಫ್ ಹೂಕರ್, ನೀಲಿ ವ್ಯಾಂಡವನ್ನು ಇಂಗ್ಲೆಂಡಿನ ಕ್ಯೂ ಉದ್ಯಾನಕ್ಕೆಂದು ಏಳು ಆಳು ಹೊರುವಷ್ಟು ಕೀಳಿಸಿದ. ಅಲ್ಲಿಗೆ ಜೀವಂತ ಮುಟ್ಟಿದವು ಕೆಲವೇ. ಆಮೇಲಿನ ವ್ಯಾಪಾರಿಗಳೂ ಅದೇ ದಾರಿ ಹಿಡಿದರು. ಇವತ್ತು ಆ ನೀಲಿ ವ್ಯಾಂಡ ನಮ್ಮ ವನ್ಯಜೀವಿ ಕಾಯ್ದೆಯ ರಕ್ಷಿತ ಸಸ್ಯಗಳ ಪಟ್ಟಿಯಲ್ಲಿದೆ. ಕಾಡಿನಿಂದ ಕಿತ್ತ ಆರ್ಕಿಡ್‌ಗಳಲ್ಲಿ ಬಹುಪಾಲು ಮನೆಯಲ್ಲಿ ಬದುಕುವುದೂ ಇಲ್ಲ. ತೊಗಟೆಯಿಂದ ಹರಿದ ಬೇರು ಮತ್ತೆ ಹಿಡಿಯುವುದು ಕಷ್ಟ.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನವರು ತಮ್ಮ ಹುಣಸೆ ಮರಗಳಲ್ಲಿ ಗೂಡು ಕಟ್ಟುವ ಕೊಕ್ಕರೆ, ಹೆಜ್ಜಾರ್ಲೆಗಳನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದಿದ್ದಾರೆ. ಆ ಊರು 2007ರಲ್ಲಿ ಸಮುದಾಯ ಮೀಸಲು ಪ್ರದೇಶವಾಯಿತು. ಹಕ್ಕಿಗೆ ತೋರಿಸಿದ ಆ ಮರ್ಯಾದೆಯನ್ನು ಮರದ ಮೇಲಿನ ಗಿಡಕ್ಕೂ ತೋರಿಸುವುದು ಈ ಜಿಲ್ಲೆಯವರಿಗೆ ದೊಡ್ಡ ಮಾತಲ್ಲ.

7. ‘ಹಾಗಾದರೆ ದೀಪಾವಳಿಗೆ ಹೂವೇ ಇಲ್ಲವೇ?’

ಇದೆ. ಪ್ಲಯೋನಿಯ ಗೆರೆಗೆರೆಯ, ಮಡಿಕೆಯ ಎಲೆಯನ್ನೇ ನೆನಪಿಸುವ ಸ್ಪಾಥೊಗ್ಲಾಟಿಸ್ ಎಂಬ ನೆಲದ ಆರ್ಕಿಡ್ ಬಿಸಿ ಸೀಮೆಯದು. ಕುಂಡದಲ್ಲೂ ಬರುತ್ತದೆ, ಪಾತಿಯಲ್ಲೂ ಬರುತ್ತದೆ. ಕೆಮ್ಮಣ್ಣು, ಮರಳು, ಎಲೆಗೊಬ್ಬರ ಬೆರೆಸಿ ನೀರು ನಿಲ್ಲದಂತೆ ನೆಟ್ಟರೆ ವರ್ಷದಲ್ಲಿ ಹಲವು ತಿಂಗಳು ನೇರಳೆ ಹೂ ಕೊಡುತ್ತದೆ. ನಮ್ಮ ಹಿಂಗಾರು ಅದಕ್ಕೆ ವೈರಿಯಲ್ಲ. ಡೆಂಡ್ರೋಬಿಯಂ ಮಿಶ್ರತಳಿಗಳು ಮಳೆಗಾಲದಲ್ಲಿ ಬಲಿತ ಕಾಂಡದ ತುದಿಯಲ್ಲಿ ತೆನೆ ತೆಗೆಯುತ್ತವೆ. ಫಲನಾಪ್ಸಿಸ್ ಗಿಡಕ್ಕೆ ಹೂದಂಟು ಹೊರಡಲು ಕೆಲವು ವಾರ ಶಾಖ 25 ಡಿಗ್ರಿಯ ಆಸುಪಾಸಿಗೆ, ಅದಕ್ಕೂ ಕೆಳಗೆ ಇಳಿಯಬೇಕು. ಕಾರ್ತಿಕದ ರಾತ್ರಿಗಳಲ್ಲಿ ಮಂಡ್ಯದ ಹವೆ ಅಷ್ಟು ತಂಪನ್ನು ತಾನಾಗಿಯೇ ಕೊಡುತ್ತದೆ. ಅದರ ಹೂ ದೀಪಾವಳಿ ಕಳೆದ ಮೇಲೆ ಅರಳಿದರೂ ತಿಂಗಳು, ಎರಡು ತಿಂಗಳು ನಿಲ್ಲುತ್ತದೆ.

ಆದ್ದರಿಂದ ನನ್ನ ಮನವಿ ಇಷ್ಟು. ‘ನಮ್ಮ ಊರಲ್ಲಿ ಆಗದು’ ಎನ್ನುವವರು ಆ ತೀರ್ಪು ಕೊಡುವ ಮೊದಲು ಒಂದು ವ್ಯಾಂಡವನ್ನೋ ಸ್ಪಾಥೊಗ್ಲಾಟಿಸ್ಸನ್ನೋ ಒಂದು ವರ್ಷ ಸಾಕಿ ನೋಡಲಿ. ‘ಎಲ್ಲವೂ ಎಲ್ಲೆಡೆ ಆಗುತ್ತದೆ’ ಎನ್ನುವವರು ಗಡ್ಡೆ ಮಾರುವ ಮೊದಲು ಅದರ ತವರಿನ ಮಳೆ, ಚಳಿಯ ಲೆಕ್ಕವನ್ನು ಕೊಳ್ಳುವವರಿಗೆ ತಿಳಿಸಲಿ. ಕೊಳ್ಳುವವರು ಗಿಡದ ಹೆಸರು ಕೇಳಲಿ, ನರ್ಸರಿಯಲ್ಲೇ ಬೆಳೆಸಿದ್ದು ಎಂಬುದಕ್ಕೆ ರಸೀದಿ ಕೇಳಲಿ, ಎರಡೂ ಸಿಗದಿದ್ದರೆ ಕೊಳ್ಳದೆ ಬರಲಿ.